ಸುಣ್ಣಗಲ್ಲಿನ ಸೀಮೆಯಲ್ಲಿ ರಕ್ತದ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಊರುಗಳನ್ನು ಹೊರಗಿನವರು ಪರಸಿಕಲ್ಲು, ಸಿಮೆಂಟು, ತೊಗರಿಗಳಿಂದ ಗುರುತಿಸುತ್ತಾರೆ. ಇಲ್ಲಿನ ದವಾಖಾನೆಗಳಲ್ಲಿ ಕೂತರೆ ದಿನವೂ ಬೇರೊಂದು ಲೆಕ್ಕ ಕಿವಿಗೆ ಬೀಳುತ್ತದೆ. ಬಸುರಿಗೆ ಹಿಮೋಗ್ಲೋಬಿನ್ ಎಷ್ಟು? ಜ್ವರದ ಹುಡುಗನಿಗೆ ಪ್ಲೇಟ್‌ಲೆಟ್ ಎಷ್ಟು? ಹೊಲದಲ್ಲಿ ಹಾವು ಕಡಿದವನ ರಕ್ತ ಹೆಪ್ಪುಗಟ್ಟುತ್ತಿದೆಯೇ? ಮೂರೂ ರಕ್ತದ ಪ್ರಶ್ನೆಗಳೇ, ಆದರೆ ಒಂದೊಂದರ ಉತ್ತರವೂ ರಕ್ತದ ಒಂದೊಂದು ಭಾಗದಲ್ಲಿದೆ. ರಕ್ತವನ್ನು ಇಡಿಯಾಗಿ ಒಂದೇ ಪದಾರ್ಥವೆಂದು ತಿಳಿದಷ್ಟು ಕಾಲ ನಮ್ಮ ಉಪಚಾರ, ನಮ್ಮ ರಕ್ತದಾನ, ನಮ್ಮ ಭಯ ಎಲ್ಲವೂ ಅಡ್ಡದಾರಿ ಹಿಡಿಯುತ್ತವೆ. ಯಾವ ಭಾಗ ಏನು ಮಾಡುತ್ತದೆ, ಈ ಸೀಮೆಯಲ್ಲಿ ಯಾವುದು ಕುಂದುತ್ತದೆ, ಏಕೆ ಕುಂದುತ್ತದೆ ಎಂದು ಒಮ್ಮೆ ಸಾವಧಾನವಾಗಿ ನೋಡಬೇಕು.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ತೂಕದ ಪ್ರಕಾರ ಹೇಳುವುದಾದರೆ ಕಿಲೋಗೆ 70 ಮಿಲಿಲೀಟರಿನಷ್ಟು. ಅಂದರೆ 45 ಕಿಲೋ ತೂಗುವ ಹೆಣ್ಣುಮಗಳಲ್ಲಿ ಇರುವುದು ಮೂರು ಲೀಟರಿಗಿಂತ ತುಸು ಹೆಚ್ಚು ಮಾತ್ರ. ಹೆರಿಗೆಯ ಮಾತು ಬಂದಾಗ ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಹೆಪ್ಪುಗಟ್ಟದಂತೆ ಮದ್ದು ಬೆರೆಸಿದ ರಕ್ತವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಅದು ಪದರಪದರವಾಗಿ ಬೇರ್ಪಡುತ್ತದೆ. ಮೇಲೆ ತಿಳಿ ಹೊಂಬಣ್ಣದ ಪ್ಲಾಸ್ಮಾ ನಿಲ್ಲುತ್ತದೆ, ಅದು ಸುಮಾರು ನೂರಕ್ಕೆ 55 ಪಾಲು. ಕೆಳಗೆ ಕೆಂಪು ಕಣಗಳ ದಟ್ಟ ರಾಶಿ. ಇವೆರಡರ ನಡುವೆ, ಒಟ್ಟಿನ ನೂರರಲ್ಲಿ ಒಂದು ಪಾಲೂ ಇಲ್ಲದ ಬೆಳ್ಳನೆಯ ತೆಳು ಪದರದಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇರುತ್ತವೆ. ಈ ಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಬೆಳೆದವರಲ್ಲಿ ಮುಖ್ಯವಾಗಿ ಬೆನ್ನುಮೂಳೆ, ಸೊಂಟದ ಮೂಳೆ, ಎದೆಯ ಮೂಳೆ ಮತ್ತು ಪಕ್ಕೆಲುಬುಗಳು ಈ ಕೆಲಸ ಮಾಡುತ್ತವೆ.

ಕೆಂಪು ಕಣದ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಭಾಗದ ದೊಡ್ಡ ಸಂಕಟ ಅಲ್ಲಿಯೇ ಇದೆ. ಕೆಂಪು ಕಣಕ್ಕೆ ಒಳಗೆ ಕೋಶಕೇಂದ್ರವಿಲ್ಲ. ಎರಡೂ ಕಡೆ ನಡು ತಗ್ಗಿದ ಬಿಲ್ಲೆಯ ಆಕಾರ, ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಏಳೆಂಟು ಪಾಲು. ಒಳಗೆಲ್ಲ ಹಿಮೋಗ್ಲೋಬಿನ್ ತುಂಬಿರುತ್ತದೆ. ಒಂದೊಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಪ್ರತಿಯೊಂದೂ ಪುಪ್ಪುಸದಲ್ಲಿ ಒಂದು ಆಮ್ಲಜನಕದ ಅಣುವನ್ನು ಹಿಡಿದು ಮೈಯ ಮೂಲೆಮೂಲೆಗೆ ಒಯ್ದು ಬಿಡುತ್ತದೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳು ಮಜ್ಜೆಯಿಂದ ಹೊರಬರುತ್ತಲೇ ಇರಬೇಕು. ಇದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಬಹುಪಾಲನ್ನು ದೇಹವೇ ಮುದಿ ಕಣಗಳನ್ನು ಒಡೆದು ಮರಳಿ ಪಡೆಯುತ್ತದೆ. ಊಟದಿಂದ ಹೀರಿಕೊಳ್ಳಬೇಕಾದದ್ದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೆ. ಆದರೆ ಮುಟ್ಟಿನಲ್ಲಿ ಪ್ರತಿ ತಿಂಗಳೂ ಕಳೆದುಕೊಳ್ಳುವ, ಒಂದು ಬಸಿರಿನಲ್ಲಿ ಒಟ್ಟು ಸುಮಾರು 1000 ಮಿಲಿಗ್ರಾಂ ಹೆಚ್ಚುವರಿ ಕಬ್ಬಿಣ ಒದಗಿಸಬೇಕಾದ ಹೆಂಗಸಿಗೆ ಆ ಒಂದೆರಡು ಮಿಲಿಗ್ರಾಂ ಸಾಲುವುದಿಲ್ಲ. ಬಸಿರಿಗೆ ಬಸಿರು ಹತ್ತಿರ ಬಿದ್ದರೆ ಸಾಲ ತೀರುವ ಮೊದಲೇ ಹೊಸ ಸಾಲ ಹುಟ್ಟುತ್ತದೆ.

ಊಟ, ಔಷಧಗಳ ಈ ಚರ್ಚೆ ಈ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥ ಬರೆದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯನು ದೊರೆ ನೃಪತುಂಗನ ಆಸ್ಥಾನದಲ್ಲಿ ಔಷಧಕ್ಕೆ ಮಾಂಸದ ಅಗತ್ಯವಿಲ್ಲವೆಂದು ವಾದಿಸಿದನೆಂದು ಆ ಗ್ರಂಥದ ಕೊನೆಯ ಭಾಗ ಹೇಳುತ್ತದೆ. ಆಯುರ್ವೇದ ರಕ್ತವನ್ನು ಏಳು ಧಾತುಗಳಲ್ಲಿ ಎರಡನೆಯದಾಗಿ ಎಣಿಸಿತ್ತು. ಮೈ ಬಿಳಿಚುವ ಪಾಂಡುರೋಗಕ್ಕೆ ಲೋಹದ ಔಷಧಗಳನ್ನೂ ಕೊಡುತ್ತಿತ್ತು. ಹಿಮೋಗ್ಲೋಬಿನ್ ಎಂಬುದನ್ನು ಕಾಣುವ ಎಷ್ಟೋ ಶತಮಾನ ಮೊದಲೇ ಕಬ್ಬಿಣ ಮದ್ದಾಗಿತ್ತು ಎಂಬುದು ಆ ವೈದ್ಯರ ಬಗ್ಗೆ ಗೌರವ ಹುಟ್ಟಿಸುವ ಸಂಗತಿ. ಉಗ್ರಾದಿತ್ಯನ ವಾದಕ್ಕೆ ಇಂದಿನ ಪೌಷ್ಟಿಕ ವಿಜ್ಞಾನ ಒಂದು ಷರತ್ತು ಸೇರಿಸುತ್ತದೆ. ಮಾಂಸದ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುತ್ತದೆ. ಕಾಳು, ಸೊಪ್ಪಿನ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರುವುದಿಲ್ಲ. ಹಾಗಾಗಿ ಕಾಳು-ಸೊಪ್ಪು ಉಣ್ಣುವವರು ಯಾವುದರ ಜೊತೆ ಯಾವುದನ್ನು ಉಣ್ಣುತ್ತೇವೆ ಎಂಬುದರ ಕಡೆ ಹೆಚ್ಚು ಗಮನ ಕೊಡಬೇಕು.

ಇಲ್ಲಿನ ತಟ್ಟೆಯನ್ನೇ ನೋಡಿ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಊಟ ಆದ ಕೂಡಲೇ ಚಹಾ. ಜೋಳದಲ್ಲಿ, ಬೇಳೆಯಲ್ಲಿ ಕಬ್ಬಿಣವೂ ಇದೆ, ಅದನ್ನು ಕಟ್ಟಿಹಾಕುವ ಫೈಟೇಟೂ ಇದೆ. ಚಹಾದ ಒಗರು ಪದಾರ್ಥಗಳು ಉಳಿದುದಕ್ಕೂ ಅಡ್ಡ ನಿಲ್ಲುತ್ತವೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಹೀರುವಿಕೆ ಹೆಚ್ಚುತ್ತದೆ, ಚಹಾವನ್ನು ಒಂದು ತಾಸು ಹಿಂದೆ ಮುಂದೆ ಮಾಡಿದರೂ ಹೆಚ್ಚುತ್ತದೆ. ಹಿಟ್ಟು ಹುಳಿ ಬರಿಸಿ ಕಾಯಿಸಿದ ಅಂಬಲಿಯಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ನಮ್ಮ ಹಿರಿಯರ ಬೇಸಿಗೆಯ ಅಂಬಲಿಗೆ ನಾನು ಕೊಡುವ ಬೆಲೆ ಇದಕ್ಕಾಗಿಯೂ ಹೌದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪುಗಳ ಭಜ್ಜಿ ವರ್ಷಕ್ಕೊಂದು ಹಬ್ಬದೂಟವಾಗಿ ಉಳಿಯದೆ ಚಳಿಗಾಲದ ಊಟವಾಗಬೇಕು. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಮಹಾರಾಷ್ಟ್ರದ ಕೃಷಿ ವಿಶ್ವವಿದ್ಯಾಲಯದೊಡನೆ ಸೇರಿ ಬೆಳೆಸಿದ ‘ಧನಶಕ್ತಿ’ ಎಂಬ ಸಜ್ಜೆ ತಳಿಯಲ್ಲಿ ಕಿಲೋಗೆ 70 ಮಿಲಿಗ್ರಾಮಿನಷ್ಟು ಕಬ್ಬಿಣವಿದೆ. ಪಟಾಂಚೆರು ಚಿಂಚೋಳಿಯಿಂದ ದೂರದ ಊರಲ್ಲ. ಅಲ್ಲಿನ ಬೀಜ ಇಲ್ಲಿನ ಹೊಲಕ್ಕೆ ಬರುವುದಕ್ಕೆ ಅಡ್ಡಿಯಾಗುವಂಥದ್ದು ಏನೂ ಇಲ್ಲ.

ಆದರೆ ಊಟ ಒಂದರಿಂದಲೇ ಎಲ್ಲ ಸರಿಹೋದೀತೇ? ಅಂಕಿಗಳು ಹಾಗೆ ಹೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇವು 44.8 ಮತ್ತು 60.9 ಇದ್ದವು. ಗುಳಿಗೆ ಹಂಚುವ ಕಾರ್ಯಕ್ರಮಗಳು ನಡೆಯುತ್ತಿದ್ದಾಗಲೇ ಅಂಕಿ ಏರಿತು. ಇಲ್ಲಿಂದಲೇ ವಿದ್ವಾಂಸರ ನಡುವೆ ಭಿನ್ನಮತ ಶುರುವಾಗುತ್ತದೆ. ಈ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ತೆಗೆದ ಹನಿಯನ್ನು ಅಳೆಯುತ್ತಾರೆ. ಚುಚ್ಚಿದ ಜಾಗವನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ಅಳತೆ ತಪ್ಪಬಹುದು. 2016–18ರಲ್ಲಿ ಮಕ್ಕಳ ಮೇಲೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕ ಸಮೀಕ್ಷೆ ರಕ್ತನಾಳದಿಂದಲೇ ರಕ್ತ ತೆಗೆದು ಅಳೆದಾಗ ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಕಂಡದ್ದು ನೂರಕ್ಕೆ 41. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾದ್ ಮತ್ತು ಅವರ ಸಂಗಡಿಗರು ಇನ್ನೂ ಮುಂದೆ ಹೋಗಿ, ವಿಶ್ವ ಆರೋಗ್ಯ ಸಂಸ್ಥೆಯ ಗಡಿರೇಖೆಯೇ ನಮ್ಮ ಮಕ್ಕಳಿಗೆ ಎತ್ತರವಾಯಿತು ಎಂದು ವಾದಿಸಿದರು. 2024ರಲ್ಲಿ ಸಂಸ್ಥೆಯೂ ಎರಡು ವರ್ಷದೊಳಗಿನ ಮಕ್ಕಳ ಗಡಿಯನ್ನು ಡೆಸಿಲೀಟರಿಗೆ 11ರಿಂದ 10.5 ಗ್ರಾಂಗೆ ಇಳಿಸಿತು. ಬಸುರಿಯಲ್ಲದ ಹೆಂಗಸರ ಗಡಿಯನ್ನು 12ರಲ್ಲೇ ಇಟ್ಟಿತು.

ಈ ಚರ್ಚೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಗಡಿರೇಖೆಗಿಂತ ಕಾರಣದ ಮಾತು. ಹಿಮೋಗ್ಲೋಬಿನ್ ಇಳಿದಲ್ಲೆಲ್ಲ ಕಬ್ಬಿಣವೇ ಕಡಿಮೆ ಎಂದು ಹೇಳಲಾಗದು. ಬರಿಗಾಲಲ್ಲಿ ಹೊಲ ತುಳಿಯುವವರ ಚರ್ಮದ ಮೂಲಕ ಒಳಸೇರುವ ಕೊಕ್ಕೆಹುಳು ಕರುಳಿಗಂಟಿ ರಕ್ತ ಹೀರುತ್ತದೆ. ಥಲಸ್ಸೀಮಿಯಾದ ಅಂಶ ಹೊತ್ತವರಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆಯೇ ಇರುತ್ತದೆ, ಅದನ್ನು ಕಬ್ಬಿಣದ ಗುಳಿಗೆ ಏರಿಸುವುದಿಲ್ಲ. ಸೋಂಕು, ಉರಿಯೂತ ಇದ್ದಾಗ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನು ಸುರಿಸಿ ಕಬ್ಬಿಣ ಒಳಬರುವ ಬಾಗಿಲನ್ನೇ ಮುಚ್ಚುತ್ತದೆ. ಇನ್ನು ಫೋಲೇಟ್, ಬಿ12 ಕೊರತೆಯಲ್ಲಿ ಕಣಗಳು ಕಡಿಮೆಯಾಗುವುದರ ಜೊತೆಗೆ ಅಳತೆ ಮೀರಿ ಉಬ್ಬುತ್ತವೆ. ಇದನ್ನು ಪತ್ತೆ ಮಾಡಿದ ಕಥೆ ವಾಡಿಯಿಂದ ನೇರ ರೈಲು ಹೋಗುವ ಮುಂಬಯಿಯದು. 1928ರಲ್ಲಿ ಅಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಬಟ್ಟೆ ಗಿರಣಿಗಳ ಬಡ ಬಸುರಿಯರಲ್ಲಿ ಕಂಡ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಆಶಾ ಕಾರ್ಯಕರ್ತೆ ಬಸುರಿಯ ಕೈಗೆ ಹಾಕುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುವುದು ಇದರಿಂದಾಗಿ.

ಆ ಗುಳಿಗೆಯನ್ನು ಬಸಿರಿನಲ್ಲಿ 180 ದಿನ ನುಂಗಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತು ಎಂದು ಅತ್ತೆ ಹೆದರುತ್ತಾಳೆ. ಹೀಗೆ ಗುಳಿಗೆ ಗೂಡಿನಲ್ಲಿ ಉಳಿಯುತ್ತದೆ. ಹಾಲಿನ ಜೊತೆ ನುಂಗಿದರೆ ಹಾಲಿನ ಸುಣ್ಣದಂಶ ಕಬ್ಬಿಣವನ್ನು ತಡೆಯುತ್ತದೆ ಎಂಬುದನ್ನೂ ಎಲ್ಲರೂ ಹೇಳುವುದಿಲ್ಲ. ಒಂದು ಗುಳಿಗೆ ನುಂಗಿದ ಮೇಲೆ ಸುಮಾರು ಒಂದು ದಿನ ಹೆಪ್ಸಿಡಿನ್ ಏರಿರುತ್ತದೆ, ಹಾಗಾಗಿ ದಿನ ಬಿಟ್ಟು ದಿನ ನುಂಗಿದರೆ ಪ್ರತಿ ಗುಳಿಗೆಯಿಂದ ಹೀರಿಕೊಳ್ಳುವ ಪಾಲು ಹೆಚ್ಚುತ್ತದೆ ಎಂದು ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಗುಳಿಗೆ ಒಗ್ಗದವರಿಗೆ ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಕೊಡುವ ದಾರಿಯೂ ಇದೆ. ಕರ್ನಾಟಕ ಮತ್ತು ರಾಜಸ್ಥಾನದ 4,320 ಬಸುರಿಯರನ್ನು ಸೇರಿಸಿಕೊಂಡು ಅದರ ದೊಡ್ಡ ಪರೀಕ್ಷೆ ನಡೆದದ್ದರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮುಂದಿತ್ತು. ಇನ್ನು ಮಕ್ಕಳ ವಿಷಯ. 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಎಷ್ಟೊಂದು ಗದ್ದಲವಾಯಿತು! ಮೊಟ್ಟೆಯ ಕಬ್ಬಿಣವನ್ನು ಕರುಳು ಚೆನ್ನಾಗಿ ಹೀರುವುದಿಲ್ಲ ಎಂಬುದು ನಿಜ. ಆದರೆ ಹಿಮೋಗ್ಲೋಬಿನ್ ಕಟ್ಟಲು ಕಬ್ಬಿಣದಷ್ಟೇ ಬೇಕಾದ ಪ್ರೋಟೀನು, ಸೊಪ್ಪು ಕಾಳುಗಳಲ್ಲಿ ಸಿಗದ ಬಿ12 ಅದರಲ್ಲಿವೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ತಿನ್ನುವ ಮಕ್ಕಳ ತಟ್ಟೆಯಿಂದ ಮೊಟ್ಟೆಯನ್ನು ತೆಗೆಯಬೇಕೆಂದವರ ಮಾತನ್ನು ನಾನು ಒಪ್ಪಲಾರೆ.

ಈಗ ಹೆರಿಗೆಯ ಮಾತು. ಸಹಜ ಹೆರಿಗೆಯಲ್ಲಿ ಅರ್ಧ ಲೀಟರ್ ಮೀರಿ ರಕ್ತ ಹೋದರೆ ಅದನ್ನು ಅಪಾಯವೆಂದು ಎಣಿಸುತ್ತಾರೆ. 13 ಗ್ರಾಂ ಹಿಮೋಗ್ಲೋಬಿನ್ ಇರುವವಳು ಅದನ್ನು ತಡೆದುಕೊಂಡಾಳು. 45 ಕಿಲೋ ತೂಗುವ, 7 ಗ್ರಾಂ ಇರುವ ಬಾಣಂತಿಗೆ ಅಷ್ಟೇ ನಷ್ಟ ಪ್ರಾಣಾಂತಿಕವಾಗಬಹುದು. ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೇವೆ. ಇದಕ್ಕೆ ಪರಿಹಾರ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾದವಳ ಸೊಂಟದ ಕೆಳಗೆ ಹಾಸಿ ರಕ್ತವನ್ನು ಅಳತೆ ಗುರುತಿನ ಚೀಲಕ್ಕೆ ಇಳಿಸುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ಗರ್ಭಕೋಶವನ್ನು ಬಿಗಿಯುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟವರಲ್ಲಿ ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ರಕ್ತ ಏರಿಸುವುದಕ್ಕಿಂತ ರಕ್ತ ಹೋಗದಂತೆ ನೋಡಿಕೊಳ್ಳುವುದು ಅಗ್ಗ, ಸುಲಭ. ರಕ್ತನಿಧಿಗೆ ಗಂಟೆಗಟ್ಟಲೆ ದೂರವಿರುವ ಚಿಂಚೋಳಿಯ ತಾಂಡಾಗಳಿಗೆ ಅದು ಇನ್ನೂ ಹೆಚ್ಚಾಗಿ ಒಪ್ಪುವ ದಾರಿ.

ಪ್ಲಾಸ್ಮಾವನ್ನು ನಾವು ಮರೆಯುತ್ತೇವೆ, ಕೆಂಪು ಬಣ್ಣವಿಲ್ಲದ ಕಾರಣಕ್ಕೋ ಏನೋ. ಅದರ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ಉಳಿದುದರಲ್ಲಿ ಉಪ್ಪು, ಸಕ್ಕರೆ, ಹಾರ್ಮೋನುಗಳ ಜೊತೆ ಮೂರು ಬಗೆಯ ಮುಖ್ಯ ಪ್ರೋಟೀನುಗಳಿವೆ. ಆಲ್ಬುಮಿನ್ ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಗ್ಲೋಬುಲಿನ್‌ಗಳಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳಿವೆ. ಫೈಬ್ರಿನೋಜನ್ ಗಾಯವಾದಾಗ ಎಳೆಎಳೆಯಾಗಿ ಬಲೆ ಹೆಣೆದು ಹೆಪ್ಪು ಕಟ್ಟುತ್ತದೆ. ಈ ಕೊನೆಯದರ ಬೆಲೆ ಗೊತ್ತಾಗುವುದು ಕೊಳಕುಮಂಡಲ ಕಡಿದಾಗ. ಅದರ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ಒಮ್ಮೆಲೇ ಕೆರಳಿಸಿ ಖರ್ಚು ಮಾಡಿಬಿಡುತ್ತದೆ. ಆಮೇಲೆ ವಸಡು, ಮೂತ್ರ, ಗಾಯ ಎಲ್ಲಿಂದಲಾದರೂ ರಕ್ತ ಸೋರುತ್ತದೆ. ಇದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಒಣಗಿದ, ಸಾಬೂನು ತಾಗದ ಗಾಜಿನ ನಳಿಗೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡಿದರೆ ಸಾಕು. ನೀರಿನಂತೆ ಹರಿದರೆ ವಿಷ ರಕ್ತಕ್ಕಿಳಿದಿದೆ ಎಂದೇ ಅರ್ಥ. ತೊಗರಿ ಹೊಲದಲ್ಲಿ, ಕಲ್ಲುಗಣಿಯ ಸಂದಿಯಲ್ಲಿ ದುಡಿಯುವವರಿರುವ ಈ ತಾಲ್ಲೂಕುಗಳ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆ ನಳಿಗೆ ಇರಲೇಬೇಕು. ಕೊಡುವ ಮದ್ದೂ ಪ್ಲಾಸ್ಮಾದ್ದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಕೊಟ್ಟು, ಅದರ ಪ್ಲಾಸ್ಮಾದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಪ್ರತಿವಿಷ ಮಾಡುತ್ತಾರೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ ಎಷ್ಟು ಪ್ರತಿವಿಷ ಬೇಕು ಎಂಬ ಲೆಕ್ಕ ಇನ್ನಾದರೂ ಸರಿಯಾಗಬೇಕು.

ಬಿಳಿ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000. ಅವುಗಳಲ್ಲಿ ಹೆಚ್ಚಿನವು ರೋಗಾಣುಗಳನ್ನು ನುಂಗುವ ನ್ಯೂಟ್ರೋಫಿಲ್‌ಗಳು. ಲಿಂಫೋಸೈಟ್‌ಗಳು ಹಿಂದೆ ಬಂದ ರೋಗವನ್ನು ನೆನಪಿಟ್ಟು ಪ್ರತಿಕಾಯ ತಯಾರಿಸುತ್ತವೆ. ಲಸಿಕೆ ಕೆಲಸ ಮಾಡುವುದು ಆ ನೆನಪಿನ ಬಲದಿಂದ. ಇಯೋಸಿನೋಫಿಲ್ ಏರಿದ್ದರೆ ಹೊಟ್ಟೆಹುಳುವನ್ನೋ ಅಲರ್ಜಿಯನ್ನೋ ವೈದ್ಯರು ಶಂಕಿಸುತ್ತಾರೆ. ಮೋನೋಸೈಟ್‌ಗಳು ರಕ್ತ ಬಿಟ್ಟು ಪುಪ್ಪುಸಕ್ಕೆ ಹೋಗಿ, ಅಲ್ಲಿ ದೂಳು ತಿನ್ನುವ ದೊಡ್ಡ ಕಣಗಳಾಗುತ್ತವೆ. ಕಲ್ಲು ಕೊಯ್ಯುವ, ಪುಡಿ ಮಾಡುವ ಕೆಲಸದಲ್ಲಿ ಏಳುವ ಸಿಲಿಕಾದ ಹರಳುಗಳನ್ನು ನುಂಗಿದ ಕಣ ತಾನೇ ಸಾಯುತ್ತದೆ, ಸುತ್ತಲಿನ ಪುಪ್ಪುಸ ಗಟ್ಟಿಯಾಗುತ್ತ ಹೋಗುತ್ತದೆ. ಕಲ್ಲು ಕೊಯ್ಯುವಾಗ ನೀರು ಹಾಯಿಸಿ ದೂಳು ಅಡಗಿಸುವ ಕ್ರಮ ಈ ಕಣಗಳನ್ನು ಉಳಿಸುವ ಕ್ರಮವೂ ಹೌದು.

ಮಳೆಗಾಲ ಬಂತೆಂದರೆ ಡೆಂಗಿ, ಅದರ ಹಿಂದೆ ಪ್ಲೇಟ್‌ಲೆಟ್‌ನ ಭಯ. ಆರೋಗ್ಯವಂತರಲ್ಲಿ ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುವ, ಹೆಚ್ಚೆಂದರೆ ಹತ್ತು ದಿನ ಬದುಕುವ ಈ ಚೂರುಗಳು ಗಾಯದ ಬಾಯಿಗೆ ಮೊದಲು ಅಂಟಿಕೊಳ್ಳುವಂಥವು. ಡೆಂಗಿಯಲ್ಲಿ ಅವು ಇಳಿಯುತ್ತವೆ, ಆಮೇಲೆ ತಾವಾಗಿಯೇ ಏರುತ್ತವೆ. 50,000ಕ್ಕೆ ಇಳಿಯಿತೆಂದು ಮನೆಮಂದಿ ರಾತ್ರೋರಾತ್ರಿ ಬಾಡಿಗೆ ಗಾಡಿ ಮಾಡಿಕೊಂಡು ಕಲಬುರಗಿಗೆ, ಹೈದರಾಬಾದಿಗೆ ಓಡುತ್ತಾರೆ. ಆದರೆ ಡೆಂಗಿಯಲ್ಲಿ ಹೆಚ್ಚಿನ ಅಪಾಯ ಪ್ಲಾಸ್ಮಾ ರಕ್ತನಾಳದಿಂದ ಸೋರುವುದರಲ್ಲಿದೆ. ಪ್ಲಾಸ್ಮಾ ಸೋರಿದಂತೆ ಉಳಿದ ರಕ್ತ ಮಂದವಾಗಿ, ಕೆಂಪು ಕಣಗಳ ಪಾಲು ಏರುತ್ತದೆ. ವರದಿಯಲ್ಲಿ ಪಿಸಿವಿ ಎಂದಿರುವ ಅಂಕಿ ಅದೇ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಪ್ಲೇಟ್‌ಲೆಟ್ ಎಷ್ಟಿದ್ದರೂ ಕೂಡಲೇ ದವಾಖಾನೆ ಸೇರಬೇಕು. ರಕ್ತಸ್ರಾವ ಇಲ್ಲದವರಿಗೆ ಮುನ್ನೆಚ್ಚರಿಕೆಯೆಂದು ಪ್ಲೇಟ್‌ಲೆಟ್ ಏರಿಸಿದರೆ ಲಾಭವಿಲ್ಲವೆಂದು ಸಿಂಗಪುರ, ಮಲೇಷ್ಯಾಗಳ ಪರೀಕ್ಷೆಯೊಂದು 2017ರಲ್ಲಿ ತೋರಿಸಿದೆ.

ರಕ್ತದ ಗುಂಪುಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದ ಸಂಗತಿ ಶಾಲೆಯ ಪಾಠದಲ್ಲೇ ಬರುತ್ತದೆ. ನಮ್ಮ ಕಡೆಯವರು ವಿಶೇಷವಾಗಿ ತಿಳಿದಿರಬೇಕಾದದ್ದು ‘ಬಾಂಬೆ’ ಗುಂಪು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಇದು ಮಾಮೂಲಿ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣುತ್ತದೆ, ಆದರೆ ಇವರಿಗೆ ‘ಓ’ ರಕ್ತವೂ ಹೊಂದುವುದಿಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು, ಮಹಾರಾಷ್ಟ್ರ ಕರ್ನಾಟಕಗಳಲ್ಲಿ ಇಂಥ ಮನೆತನಗಳಿವೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳ ಪಟ್ಟಿ ಇಟ್ಟುಕೊಂಡು ದೇಶದೆಲ್ಲೆಡೆ ಬೇಕಾದವರಿಗೆ ಜೋಡಿಸುತ್ತದೆ.

ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ ಹಣಕ್ಕೆ ರಕ್ತ ಮಾರುವುದು 1998ರ ಜನವರಿಯಿಂದ ನಿಂತಿತು. ಈಗ ದಾನಿಗಳೇ ದಿಕ್ಕು. ದಾನಿಗೆ 18 ತುಂಬಿರಬೇಕು, 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಈ ಕೊನೆಯ ಷರತ್ತಿಗೆ ಇಲ್ಲಿನ ಅರ್ಧದಷ್ಟು ಹೆಂಗಸರು ದಾನದ ಸಾಲಿನಿಂದಲೇ ಹೊರಗುಳಿಯುತ್ತಾರೆ. ಭಾರ ಬೀಳುವುದು ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಗಂಡಾಳುಗಳ, ಕಾಲೇಜು ಹುಡುಗರ ಮೇಲೆ. ಒಬ್ಬರು ಕೊಟ್ಟ ಒಂದು ಚೀಲವನ್ನು ರಕ್ತನಿಧಿಯಲ್ಲಿ ಬೇರ್ಪಡಿಸಿದರೆ ಕೆಂಪು ಕಣ ಬಾಣಂತಿಗೆ, ಪ್ಲಾಸ್ಮಾ ಹೆಪ್ಪುಗಟ್ಟದೆ ಸೋರುತ್ತಿರುವವನಿಗೆ, ಪ್ಲೇಟ್‌ಲೆಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವನಿಗೆ ಹೋಗುತ್ತದೆ. ಆದರೆ ಮೂರರ ಆಯಸ್ಸೂ ಬೇರೆ. ಪ್ಲಾಸ್ಮಾ ಕಡುಶೀತದಲ್ಲಿ ಒಂದು ವರ್ಷ ಇರುತ್ತದೆ. ಕೆಂಪು ಕಣ 2ರಿಂದ 6 ಡಿಗ್ರಿಯಲ್ಲಿ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಕೋಣೆಯ ತಂಪಿನಲ್ಲಿ ಸದಾ ಅಲುಗಾಡಿಸುತ್ತ ಇಟ್ಟರೂ 5 ದಿನ. ರಕ್ತದಾನ ದಿನವಾದ ಅಕ್ಟೋಬರ್ 1ರಂದೋ ಮುಖಂಡರೊಬ್ಬರ ಹುಟ್ಟುಹಬ್ಬದಂದೋ ಒಂದೇ ದಿನ ನೂರಾರು ಚೀಲ ತೆಗೆದರೆ ಪ್ಲೇಟ್‌ಲೆಟ್ ಅದೇ ವಾರ ಚೆಲ್ಲಿಹೋಗುತ್ತದೆ, ಆ ಗಂಡಸರು ಮುಂದಿನ ಮೂರು ತಿಂಗಳು ಮತ್ತೆ ಕೊಡುವಂತಿಲ್ಲ. ಅದೇ ನೂರು ಜನ ವಾರಕ್ಕೆ ಏಳೆಂಟು ಮಂದಿಯಂತೆ ಸರದಿ ಹಚ್ಚಿಕೊಂಡರೆ ಆ ಮೂರು ತಿಂಗಳ ಒಂದು ವಾರವೂ ಖಾಲಿ ಬೀಳುವುದಿಲ್ಲ. ಈ ಸರದಿಯ ಪಟ್ಟಿಯನ್ನು ಕಾರ್ಖಾನೆಯ ಕಾರ್ಮಿಕ ಸಂಘಗಳು, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ತಾವೇ ಇಟ್ಟುಕೊಳ್ಳಬಹುದು. ಕಲಬುರಗಿಯ ರಕ್ತನಿಧಿಯಿಂದ ಕೆಂಪು ಕಣದ ಚೀಲಗಳನ್ನು ತಂದು ತಾಲ್ಲೂಕು ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಶೇಖರಣಾ ಘಟಕಕ್ಕೆ ಸರ್ಕಾರದ ನಿಯಮದಲ್ಲೇ ಅವಕಾಶವಿದೆ. ರೈಲು ಇಲ್ಲದ ಚಿಂಚೋಳಿಯಂಥ ಊರಿನಲ್ಲಿ ಅದು ವರ್ಷದ ಎಲ್ಲ ದಿನ, ರಾತ್ರಿ ಹೊತ್ತೂ, ಗುಂಪು ಹೊಂದಿಸಿ ನೋಡಬಲ್ಲ ತಂತ್ರಜ್ಞರ ಸಮೇತ ನಡೆಯುತ್ತಿರಬೇಕು.